ಚಕ್ರಪಾಣಿಯವರ ಡಿಜೆ

"ಇನ್ನೊಂದೇ ಒಂದು ಶನಿವಾರ ಅಲಮೇಲು! ಆಮೇಲೂ ಆ ಪಬ್ಬಿನವರು ಬಾಯಿ ಮುಚ್ಚಲಿಲ್ಲ ಅಂದ್ರೆ ನನ್ ಹೆಸರು ಚಕ್ರಪಾಣಿನೇ ಅಲ್ಲ!"

ಕಾಫಿ ಲೋಟವನ್ನು ಸುದರ್ಶನ ಚಕ್ರದಂತೆ ತಿರುಗಿಸುತ್ತಾ ಅವರು ಈ ಘೋರ ಶಪಥ ಮಾಡಿ ಮುಗಿಸುವಷ್ಟರಲ್ಲಿ ಅರ್ಧ ಕಾಫಿ ಪಂಚೆಯ ಮೇಲಿತ್ತು.

"ಹೆಸರು ಆಮೇಲೆ ಬದಲಾಯಿಸೀರಂತೆ. ಮೊದ್ಲು ಪಂಚೆ ಬದಲಾಯಿಸಿ," ಎಂದರು ಹೆಂಡತಿ ಅಲಮೇಲು.

ಪಾಪ, ಚಕ್ರಪಾಣಿಯವರ ಸಂಕಟವೇನೂ ಸುಳ್ಳಲ್ಲ. ಜಯನಗರದ ಅವರ ಮನೆಗೆ ಅಂಟಿಕೊಂಡಂತೆ ಮೊದಲು ಒಂದು ಕಲ್ಯಾಣ ಮಂಟಪವಿತ್ತು. ವಾಲಗದ ಗಲಾಟೆ ಸಹಿಸಿಕೊಂಡರೆ ಹೋಳಿಗೆ ಊಟವಾದರೂ ಸಿಗುತ್ತಿತ್ತು. ಈಗ ಅದೇ ಕಟ್ಟಡದಲ್ಲಿ ಪಬ್ಬು! ಶನಿವಾರ ಬಂತೆಂದರೆ, ಊರೆಲ್ಲ ಮಲಗುವ ಹೊತ್ತಿಗೆ ಅಲ್ಲಿ 'ಧಡ್ ಧಡ್' ಶುರು. ಮಂಚ ನಡುಗುತ್ತದೆ, ಮೇಜಿನ ಮೇಲಿನ ಕನ್ನಡಕ ತಾನಾಗಿಯೇ ವಾಕಿಂಗ್ ಹೊರಡುತ್ತದೆ. ನಿದ್ದೆ ಸಿಕ್ಕರೆ ಸ್ವರ್ಗವೂ ಬೇಡ ಎನ್ನುವ ಮನುಷ್ಯ ಅವರು. ಆ ನಿದ್ದೆಗೇ ಕನ್ನ! ಕಳೆದ ವಾರವಂತೂ ತಾಳಲಾರದೆ, ಕತ್ತಲಲ್ಲಿ ದೇವರಮನೆ ತಡಕಾಡಿ ಎರಡು ಹೂಬತ್ತಿ ತಂದು ಕಿವಿಗೆ ತುರುಕಿಕೊಂಡು ಮಲಗಿದರು. ಅವು ಮರುದಿನದ ದೀಪಕ್ಕೆಂದು ಅಲಮೇಲು ತುಪ್ಪದಲ್ಲಿ ಅದ್ದಿಟ್ಟಿದ್ದ ಬತ್ತಿಗಳು! ಸದ್ದು ಹೋಗಲಿಲ್ಲ, ಇರುವೆ ಬಂದವು.

ಪಬ್ಬಿನ ಮ್ಯಾನೇಜರ್ ಆಶ್ರಿತ್‌ನನ್ನು ಬೈದೂ ಆಗಿತ್ತು. ಅವನು "ಸಾರಿ ಅಂಕಲ್, ಡಿಜೆಗೆ ಹೇಳ್ತೀನಿ ಅಂಕಲ್" ಎಂದು ನಿಂಬೆ ಸೋಡಾ ಕುಡಿಸಿ ಕಳಿಸಿದ್ದ. ಅಂದು ರಾತ್ರಿ ಡಿಜೆ ಇನ್ನಷ್ಟು ಉತ್ಸಾಹದಲ್ಲಿದ್ದ.

"ಅದಕ್ಕೆ, ಈಗೇನ್ ಮಾಡ್ತೀರಿ?" ಎಂದು ಕೇಳಿದರು ಅಲಮೇಲು.

"ಅವರ ಹತ್ರ ಡಿಜೆ ಇದ್ರೆ ನಮ್ ಹತ್ರಾನೂ ಡಿಜೆ ಇದೆ ಕಣೇ! ಡಿಜೆ ಅಂದ್ರೆ ದೇವರ ಜಪ! ನಿಮ್ ಭಜನಾ ಮಂಡಳಿನ ಟೆರೇಸ್ ಮೇಲೆ ಕೂರ್ಸು. ಎಷ್ಟ್ ಗಟ್ಟಿಯಾಗಿ ಬೇಕೋ ಅಷ್ಟ್ ಗಟ್ಟಿಯಾಗಿ ಹಾಡಿ!"

ಅಲಮೇಲುಗೆ ಕಿವಿಯನ್ನೇ ನಂಬಲಾಗಲಿಲ್ಲ. ಮದುವೆಯಾದಾಗಿನಿಂದ ಈ ಬಾಯಲ್ಲಿ "ಮೆತ್ತಗೆ ಹಾಡೇ, ನಿದ್ದೆ ಹಾಳಾಗುತ್ತೆ" ಎಂಬುದನ್ನು ಮಾತ್ರ ಕೇಳಿದ್ದ ಹೆಂಗಸು!

"ಆಮೇಲೆ ನಿಲ್ಸು ಅನ್ನಬಾರ್ದು."

"ಅನ್ನಲ್ಲ. ಮಾತಂದ್ರೆ ಮಾತು!"

ಶನಿವಾರ ಸಂಜೆ ಟೆರೇಸಿನಲ್ಲಿ ಜಮಖಾನ ಬಿತ್ತು. ಮಂಡಳಿಯ ಸುಧಾಮಣಿಯವರ ಹಾರ್ಮೋನಿಯಂ ಬಂತು, ಉಳಿದವರ ತಾಳಗಳೆಲ್ಲ ಬಂದವು. ಬಾಡಿಗೆ ಸ್ಪೀಕರಿನ ಮೂತಿಯನ್ನು ಚಕ್ರಪಾಣಿಯವರೇ ಪಬ್ಬಿನ ಕಡೆ ತಿರುಗಿಸಿದರು. ರಾತ್ರಿ ಅಲಮೇಲು "ಗೋವಿಂದಾ..." ಎಂದು ಕಂಠ ಎತ್ತಿದ್ದೇ ತಡ, ಆಚೆ ಕಡೆಯ ಧಡ್ ಧಡ್ ಗಪ್‌ಚಿಪ್! ಹುಡುಗ ಹುಡುಗಿಯರೆಲ್ಲ ಗ್ಲಾಸು ಹಿಡಿದುಕೊಂಡೇ ಬಾಲ್ಕನಿಗೆ ಓಡಿ ಬಂದರು.

"ಸೋತ್ರು! ಸೋತ್ರು!" ಎಂದು ಕುಣಿದಾಡಿದ ಚಕ್ರಪಾಣಿ ಅಂದು ಗಡದ್ದಾಗಿ ನಿದ್ದೆ ಹೊಡೆದರು.

ಬೆಳಗ್ಗೆ ಆಶ್ರಿತ್ ಹಣ್ಣಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಬಾಪ್ಪಾ ಬಾ! ಶರಣಾಗತಿನಾ?" ಎಂದು ಚಕ್ರಪಾಣಿ ಎದೆ ಉಬ್ಬಿಸಿದರು.

"ಒಂಚೂರು ಜಾಗ ಬಿಡಿ ಅಂಕಲ್, ಆಂಟಿ ಹತ್ರ ಮಾತಾಡ್ಬೇಕು. ಆಂಟಿ, ನಿನ್ನೆ ಸಖತ್! ಕ್ರೌಡ್‌ಗೆ ಹುಚ್ಚೇ ಹಿಡೀತು! ಈಗೆಲ್ಲಾ ಭಜನೆದೇ ಟ್ರೆಂಡು. ಪ್ರತಿ ಶನಿವಾರ ನಮ್ಮಲ್ಲಿ ಹಾಡ್ತೀರಾ? ಅವತ್ತು ಎಣ್ಣೆ ಬಂದ್. ಬರೀ ಪಾನಕ, ಮಜ್ಜಿಗೆ!"

ಚಕ್ರಪಾಣಿ "ಆಗಲ್ಲ!" ಎನ್ನಲು ಬಾಯಿ ತೆರೆದರು.

"ಮಾತಂದ್ರೆ ಮಾತು," ಎಂದರು ಅಲಮೇಲು. ತೆರೆದ ಬಾಯಿಗೆ ಚಕ್ರಪಾಣಿ ತಟ್ಟೆಯ ಬಾಳೆಹಣ್ಣು ತುರುಕಿಕೊಂಡರು.

ಮುಂದಿನ ಶನಿವಾರ ಪಬ್ಬಿನ ಮುಂದೆ ಆಳೆತ್ತರದ ಬ್ಯಾನರು: 'ಡಿಜೆ ಅಲಮೇಲು! ದೇವರ ಜಪ, ಲೈವ್!' ರಾತ್ರಿಯಾಯಿತು, ಮಂಚ ಮತ್ತೆ ನಡುಗಿತು. ಈ ಸಲ ಗೋಡೆ ಸೀಳಿಕೊಂಡು ಬಂದದ್ದು ಸ್ವಂತ ಹೆಂಡತಿಯ ಕಂಠ. ಹಿಮ್ಮೇಳಕ್ಕೆ ಹಳೆಯ ಧಡ್ ಧಡ್ ಬೇರೆ! ಪೊಲೀಸರಿಗೆ ಹೇಳೋಣವೆಂದು ಫೋನೆತ್ತಿದರು. 'ಯಾರ ಮೇಲೆ ಸಾರ್ ಕಂಪ್ಲೇಂಟು?' ಎಂದರೆ? ಫೋನು ಕೆಳಗಿಟ್ಟು, ಪಂಚೆ ಬಿಗಿದು ಪಬ್ಬಿಗೇ ನಡೆದರು.

ಬಾಗಿಲ ತುಂಬ ಬೌನ್ಸರ್ ಮರೆಪ್ಪ ನಿಂತಿದ್ದ.

"ಒಬ್ರೇ ಗಂಡಸ್ರಿಗೆ ಎಂಟ್ರಿ ಇಲ್ಲ ಅಂಕಲ್. ಜೋಡಿ ಇದ್ರೆ ಮಾತ್ರ."

"ನನ್ ಜೋಡಿ ಒಳಗಡೆ ಹಾಡ್ತಿದೆಯಲ್ಲಯ್ಯಾ!"

"ಹೌದಾ? ನಿಮ್ ಹೆಸ್ರೇನು?"

ತಮ್ಮ ಶಪಥ ನೆನಪಾಗಿ ಅವರು ದನಿ ತಗ್ಗಿಸಿದರು. "ಚಕ್ರಪಾಣಿ... ಅಂತಿದ್ರು."

"ಓ, ಅಂಕಲ್ ನೀವೇನಾ!" ಮರೆಪ್ಪನ ಮುಖ ಅರಳಿತು. ಜೇಬಿನಿಂದ ಪುಟ್ಟ ಪೊಟ್ಟಣವೊಂದನ್ನು ತೆಗೆದು ಭಕ್ತಿಯಿಂದ ಎರಡೂ ಕೈಯಲ್ಲಿ ಕೊಟ್ಟ. "ನೀವು ಬಂದೇ ಬರ್ತೀರಿ, ಇದನ್ನ ಕೊಡಿ ಅಂತ ಆಂಟಿ ಹೇಳಿದ್ರು."

ಬಿಡಿಸಿ ನೋಡಿದರೆ ಎರಡು ಹೂಬತ್ತಿ!

"ಧೈರ್ಯವಾಗಿ ಕಿವಿಗೆ ಇಟ್ಕೊಳ್ಬೇಕಂತೆ ಅಂಕಲ್," ಎಂದ ಮರೆಪ್ಪ. "ತುಪ್ಪದಲ್ಲಿ ಅದ್ದಿಲ್ವಂತೆ."