ನಿದ್ದೆ ಓಡಿಸೋ ಹಾಡುಗಳು

ಹಲ್ಲಿನ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವ ಹೂಂರಾಯನಿಗೆ ಆ ಹೆಸರು ಹೆತ್ತವರು ಇಟ್ಟದ್ದಲ್ಲ. ಯಾರು ಏನು ಹೇಳಿದರೂ ‘ಹೂಂ’ ಅನ್ನುವುದು ಅವನ ಸ್ವಭಾವ. ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬಿದ್ದ ದಿನ “ಚೆನ್ನಾಗಿದೆಯಾ?” ಎಂದು ಕೇಳಿದವರಿಗೆ ಹೂಂ ಅಂದು, ಅವರು ಸುರಿದ ಇನ್ನೊಂದು ಲೋಟವನ್ನೂ ಕುಡಿದು ಮುಗಿಸಿದ ಪ್ರಾಣಿ ಅದು.

ಅಂಥವನ ಕೈಯಿಂದ ಅಂದು ಬೆಳಿಗ್ಗೆ ಅಕ್ಕ ಫೋನು ಕಿತ್ತುಕೊಂಡು ನೋಡಿದಳು.

“ಏನೋ ಇದು? ಹಾಡು ಕೇಳೋಕೂ ತಿಂಗಳು ತಿಂಗಳು ದುಡ್ಡು ಕಟ್ತಿದ್ದೀಯಾ? ನಾಳೆಯಿಂದ ಇನ್ನೂ ಜಾಸ್ತಿಯಂತೆ! ಸಂಜೆ ಮನೆಗೆ ಬರೋಷ್ಟರಲ್ಲಿ ಇದನ್ನ ನಿಲ್ಲಿಸಿರಬೇಕು.”

“ಹೂಂ,” ಅಂದ ಹೂಂರಾಯ. ಅಂದ ಮೇಲೆ ಅವನಿಗೆ ಹೊಳೆಯಿತು. ಚಂದಾ ಹೋದರೆ ಹೋಗಲಿ, ಅದರೊಳಗಿನ ಹಾಡುಪಟ್ಟಿ ಹೋದರೆ ಏನು ಗತಿ?

ಆ ಪಟ್ಟಿ ಮಾಡಿಕೊಟ್ಟವಳು ಸಿಸ್ಟರ್. ಡಾಕ್ಟರು ಹಲ್ಲು ಕೊರೆಯುವಾಗ ಪಕ್ಕದಲ್ಲಿ ನಿಂತು ರೋಗಿಯ ಬಾಯಿಯ ನೀರೆಳೆಯುವ ಕೊಳವೆ ಹಿಡಿಯುತ್ತಿದ್ದವಳು. ಇಡೀ ಆಸ್ಪತ್ರೆ ಅವಳನ್ನು ಸಿಸ್ಟರ್ ಸಿಸ್ಟರ್ ಎಂದೇ ಕರೆಯುತ್ತಿತ್ತು. ಹೂಂರಾಯನ ನಾಲಿಗೆಗೆ ಮಾತ್ರ ಆ ಪದ ಬರುತ್ತಿರಲಿಲ್ಲ. ಅವಳನ್ನು ಇನ್ನೇನಾದರೂ ಅನ್ನಲು ಇಷ್ಟವಿತ್ತು, ಧೈರ್ಯವಿರಲಿಲ್ಲ. ಹೀಗಾಗಿ ಅವಳನ್ನು ಅವನು ಒಂದು ದಿನವೂ ಏನೆಂದೂ ಕರೆದಿರಲಿಲ್ಲ. ಅವಳ ನಂಬರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುವಾಗಲೂ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ ಇಟ್ಟಿದ್ದ.

ಒಮ್ಮೆ ಊಟವಾದ ಮೇಲಿನ ತೂಕಡಿಕೆಯಲ್ಲಿ ಅವನು ಮೇಲಿನ ಹಲ್ಲುಗಳನ್ನು ಕೆಳಗಿನ ದವಡೆಗೆ ಕೂರಿಸಿಬಿಟ್ಟ. ಆಗ ಅವಳು ನಕ್ಕು, ಅವನ ಫೋನು ತೆಗೆದುಕೊಂಡು, ಇಬ್ಬರೂ ಹಾಡು ಸೇರಿಸಬಹುದಾದ ಒಂದು ಪಟ್ಟಿ ಮಾಡಿ ‘ನಿದ್ದೆ ಓಡಿಸೋ ಹಾಡುಗಳು’ ಎಂದು ಹೆಸರಿಟ್ಟಳು. ಆಮೇಲೆ ಅವಳಿಗೆ ದೂರದ ಊರಿನ ಶಾಖೆಗೆ ವರ್ಗವಾಯಿತು. ಹೋಗುವಾಗ “ಬರ್ತೀನಿ” ಅಂದಳು. ಅವನು ಹೂಂ ಅಂದ.

ಪಟ್ಟಿ ಮಾತ್ರ ನಿಲ್ಲಲಿಲ್ಲ. ಆಗೊಮ್ಮೆ ಈಗೊಮ್ಮೆ ಅವಳ ಕಡೆಯಿಂದ ಒಂದು ಹೊಸ ಹಾಡು ಬಂದು ಕೂರುತ್ತಿತ್ತು. ದಾರಿ ಕಾಯುವ ಹಾಡು ಅವಳು ಹಾಕಿದರೆ, ಇವನು ವಾರವೆಲ್ಲ ಹುಡುಕಿ ತಡವಾಗಿ ಬರುವ ರೈಲಿನ ಹಾಡು ಹಾಕುತ್ತಿದ್ದ. ಹಾಕಿದ ಮೇಲೆ ಇದು ಹೆಚ್ಚಾಯಿತೇನೋ ಎಂದು ಹೆದರಿ, ಅದರ ಕೆಳಗೆ ಒಂದು ಕುಣಿಯುವ ಹಾಡನ್ನೂ ಸೇರಿಸುತ್ತಿದ್ದ. ಅವನ ಬಾಳಿನಲ್ಲಿ ಪ್ರೀತಿ ಅಂತ ಇದ್ದದ್ದು ಇಷ್ಟೇ, ಅದೂ ಇವತ್ತು ಸಂಜೆಯವರೆಗೆ.

ಹಲ್ಲಿನ ಅಚ್ಚಿಗೆ ಮೇಣ ಕರಗಿಸಲು ಇಟ್ಟು ಅವನು ಫೋನು ಹಿಡಿದು ಕೂತ. ‘ಚಂದಾ ರದ್ದು ಮಾಡಬೇಕೇ?’ ಎಂದು ಕೇಳಿತು ಪರದೆ. ಕೆಳಗೆ ಎರಡು ಗುಂಡಿಗಳು: ‘ಹೌದು’ ಮತ್ತು ‘ರದ್ದು’. ಮಾಡಬೇಕಾದದ್ದು ರದ್ದೇ ತಾನೇ ಎಂದು ಅವನು ‘ರದ್ದು’ ಒತ್ತಿದ. ‘ರದ್ದತಿ ರದ್ದಾಗಿದೆ. ನಮ್ಮೊಂದಿಗೆ ಉಳಿದದ್ದಕ್ಕೆ ಧನ್ಯವಾದ’ ಎಂದಿತು. ಮತ್ತೆ ಒತ್ತಿದ. ಮತ್ತೆ ಧನ್ಯವಾದ. ಮನೆಯಲ್ಲಿ ಅಕ್ಕ ಕೂಡ ಅವನಿಗೆ ಇಷ್ಟು ಧನ್ಯವಾದ ಹೇಳಿದವಳಲ್ಲ.

ಅಷ್ಟರಲ್ಲಿ ಎಕ್ಸ್‌ರೇ ತೆಗೆಯುವವನು, ಎಲ್ಲರ ಬಾಯಲ್ಲಿ ಬರೀ ಎಕ್ಸ್‌ರೇ, ಹಿಂದಿನಿಂದ ಇಣುಕಿದ. ಊರಿನವರ ದವಡೆಯೊಳಗೆಲ್ಲ ನೋಡಿ ನೋಡಿ, ತನಗೆ ಕಾಣದ್ದು ಯಾವುದೂ ಇಲ್ಲ ಎಂದುಕೊಂಡ ಮನುಷ್ಯ.

“ಅಯ್ಯೋ, ನಿಲ್ಲಿಸ್ಬೇಡಿ! ಒಂದ್ಸಲ ನಿಲ್ಲಿಸಿದ್ರೆ ಪಟ್ಟಿಗಿಟ್ಟಿ ಎಲ್ಲ ಢಮಾರ್. ನಮ್ಮ ಭಾವನಿಗೆ ಹಾಗೇ ಆಯ್ತು. ಮೊದಲು ಹಾಡುಗಳನ್ನ ಬೇರೆ ಕಡೆ ಸಾಗಿಸ್ಬೇಕು.”

“ಸಾಗಿಸೋದ್ಯಾಕೆ? ಬರ್ಕೊಂಡ್ರಾಯ್ತು!” ಎನ್ನುತ್ತ ಕೌಂಟರಮ್ಮ ಬಂದರು. ಆಸ್ಪತ್ರೆಗೆ ಸೇರಿ ವರ್ಷ ತುಂಬಿರಲಿಲ್ಲ. ಆದರೂ ‘ನನಗೆ ಗೊತ್ತಿಲ್ಲ’ ಎಂಬ ಮಾತು ಆಕೆಯ ಬಾಯಲ್ಲಿ ಈತನಕ ಯಾರೂ ಕೇಳಿಲ್ಲ. ಫೋನು ಕಸಿದುಕೊಂಡು ಹೋಗಿ ಕೌಂಟರಿನಲ್ಲಿ ನಿಂತು ಬರೆಯುವ ಬದಲು ಒಂದೊಂದೇ ಹಾಡಿನ ಸಾಲನ್ನು ಗಟ್ಟಿಯಾಗಿ ಓದತೊಡಗಿದರು. ಕಾಯುತ್ತಿದ್ದ ರೋಗಿಗಳು ಸುಮ್ಮನಿರುತ್ತಾರೆಯೇ? ಒಬ್ಬರು ಪಲ್ಲವಿ ಎತ್ತಿಕೊಂಡರು. ಅರ್ಧ ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಆಗಿದ್ದ ಹಿರಿಯರೊಬ್ಬರು ಉಳಿದರ್ಧ ಬಾಯಲ್ಲಿ ಚರಣ ಹಾಡಿದರು. ದಾರಿ ಕಾಯುವ ಹಾಡು ಬಂದಾಗ ಕೌಂಟರಮ್ಮ “ಇದ್ಯಾರು ಸೇರಿಸಿದ್ದು? ಒಳ್ಳೇ ಗೋಳು!” ಅಂದರು. ಹೂಂರಾಯನಿಗೆ ತನ್ನ ಎದೆಯನ್ನೇ ಯಾರೋ ಬೀದಿಯಲ್ಲಿ ಹರಾಜಿಗೆ ಇಟ್ಟ ಹಾಗಾಯಿತು.

“ಕೊಡ್ರಮ್ಮ ಇಲ್ಲಿ!” ಎಂದು ಎಕ್ಸ್‌ರೇ ಫೋನು ಕಿತ್ತುಕೊಂಡ. “ಇದಕ್ಕೇ ಒಂದು ಆ್ಯಪ್ ಇದೆ. ಈ ಮನೆಯಿಂದ ಆ ಮನೆಗೆ ಸಾಮಾನು ಸಾಗಿಸಿದ ಹಾಗೆ, ಹಾಡುಗಳನ್ನ ಪುಕ್ಕಟೆ ಆ್ಯಪ್‌ಗೆ ಹಾಕುತ್ತೆ.”

ಆ ಆ್ಯಪ್ ಒಂದಷ್ಟು ಹೊತ್ತು ಗಿರಗಿರ ತಿರುಗಿ ‘ಹಾಡುಗಳು ಸಿಗುತ್ತಿಲ್ಲ. ಪಟ್ಟಿಯ ಹೆಸರಿಗೆ ಹೊಂದುವ ಹಾಡುಗಳನ್ನು ತುಂಬಲೇ?’ ಎಂದಿತು.

“ತುಂಬಲಿ ಬಿಡಿ, ಏನಂತೀರಾ?”

“ಹೂಂ.”

‘ಎರಡೂ ಕಡೆ ಒಂದೇ ರೀತಿ ಇರಲೇ?’

“ಇರಲಿ ಅಲ್ವಾ?”

“ಹೂಂ.”

“ನೋಡಿದ್ರಾ? ಚಿಟಿಕೆ ಹೊಡೆಯೋದ್ರೊಳಗೆ ಆಯ್ತು!” ಎಂದು ಎಕ್ಸ್‌ರೇ ಫೋನನ್ನು ಡಾಕ್ಟರ ಕೋಣೆಯ ಸ್ಪೀಕರಿಗೆ ಜೋಡಿಸಿದ.

“ಜೋ ಜೋ...” ಎಂದು ಒಬ್ಬ ತಾಯಿ ಹಾಡತೊಡಗಿದಳು. ಮುಂದಿನದೂ ಜೋಗುಳ. ಅದರ ಮುಂದಿನದು ಬರೀ ತೊಟ್ಟಿಲು ಕಿರುಗುಟ್ಟುವ ಸದ್ದು. ಆ್ಯಪ್ಪಿಗೆ ‘ನಿದ್ದೆ’ ಅರ್ಥವಾಗಿತ್ತು, ‘ಓಡಿಸೋ’ ಅರ್ಥವಾಗಿರಲಿಲ್ಲ. ಕುರ್ಚಿಯಲ್ಲಿದ್ದ ರೋಗಿ ಬಾಯಿ ತೆರೆದುಕೊಂಡೇ ಗೊರಕೆ ಹೊಡೆಯತೊಡಗಿದ.

“ಭೇಷ್!” ಅಂದರು ಡಾಕ್ಟರು. “ಕೂತ ತಕ್ಷಣ ಕಿರುಚೋ ಆಸಾಮಿ ಇವನು. ದಿನಾ ಇದನ್ನೇ ಹಾಕ್ರೀ.”

ಹೂಂರಾಯ ಫೋನು ತೆಗೆದುಕೊಂಡು ಹಳೆಯ ಆ್ಯಪ್ ತೆರೆದ. ಅಲ್ಲೂ ಜೋಗುಳ. ದಾರಿ ಕಾಯುವ ಹಾಡು ಇಲ್ಲ, ರೈಲಿನ ಹಾಡು ಇಲ್ಲ. ಅವಳು ಹಾಕಿದ್ದು ಯಾವುದೂ ಇಲ್ಲ. ಪಟ್ಟಿಯ ತುಂಬ ಯಾರದೋ ಮಕ್ಕಳು ಮಲಗಿದ್ದವು.

“ಹಾಡು ಹಾಡೇ ತಾನೇ, ಬೇಜಾರು ಮಾಡ್ಕೋಬೇಡಿ,” ಅಂದ ಎಕ್ಸ್‌ರೇ.

ಹೂಂರಾಯ ತನ್ನ ಕೋಣೆಗೆ ಹೋದ. ಮೇಣ ಕರಗಿ ಮೇಜಿನ ಮೇಲೆಲ್ಲ ಹರಿದಿತ್ತು. ಇನ್ನು ಉಳಿಸಿಕೊಳ್ಳಲು ಏನಿದೆ ಎಂದು ಚಂದಾದ ಪುಟ ತೆರೆದು, ಈ ಸಲ ಸರಿಯಾಗಿ ‘ಹೌದು’ ಒತ್ತಿದ. ಪರದೆ ವಿನಯದಿಂದ ಹೇಳಿತು: ‘ಚಂದಾ ನಿಂತಿದೆ. ನಿಮ್ಮ ಹಾಡುಪಟ್ಟಿಗಳು ಎಲ್ಲಿಗೂ ಹೋಗುವುದಿಲ್ಲ. ನಡುವೆ ಜಾಹೀರಾತು ಬರುತ್ತದೆ, ಅಷ್ಟೆ.’

ಅವನಿಗೆ ಅಳು ಬರಬೇಕಿತ್ತು, ನಗು ಬಂತು. ಬೆಳಿಗ್ಗೆಯೇ ಆ ಗುಂಡಿ ಒತ್ತಿದ್ದರೆ ಎಲ್ಲ ಇದ್ದಲ್ಲೇ ಇರುತ್ತಿತ್ತು. ಮೇಣ ಕೆರೆಯುತ್ತ ಅವನು ತನಗೇ ತಿಳಿಯದಂತೆ ಗುನುಗತೊಡಗಿದ. ಮೊದಲ ಹಾಡು, ಎರಡನೆಯದು, ಹೋದ ವಾರ ಅವಳಿಂದ ಬಂದದ್ದು, ಅದಕ್ಕೆ ತಾನು ಕೊಟ್ಟ ಉತ್ತರ. ಎಲ್ಲ ಸಾಲಾಗಿ ನೆನಪಿತ್ತು. ಅವಳ ಮೇಲೆ ಎಷ್ಟು ಆಸೆ ಇತ್ತೆಂಬುದು ಅವನಿಗೆ ಆಗ ತಿಳಿಯಿತು.

ಅದರ ಬೆನ್ನಿಗೇ ಒಂದು ಯೋಚನೆ ಬಂತು. ಹಾಡುಗಳು ಕಳೆದಿವೆ, ನಿಜ. ಆದರೆ ಫೋನು ಮಾಡಲು ಒಂದು ಕಾರಣ ಸಿಕ್ಕಿತಲ್ಲ! ಪಟ್ಟಿ ಹಾಳಾಯಿತು, ಮತ್ತೆ ಮಾಡೋಣವೇ ಎಂದು ಕೇಳಬಹುದು. ಕೇಳಿದ ಮೇಲೆ ಇನ್ನೊಂದು ಮಾತನ್ನೂ ಕೇಳಬಹುದು. ಅವನು ಗಂಟಲು ಸರಿಮಾಡಿಕೊಂಡು ಆ ಚುಕ್ಕೆಯ ಮೇಲೆ ಬೆರಳಿಡಲು ಹೋದ.

ಬಾಗಿಲು ದಢಾರನೆ ತೆರೆಯಿತು. ಆಸ್ಪತ್ರೆಯ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೌಂಟರಮ್ಮ ಒಳಗೆ ನುಗ್ಗಿದರು. ಅವರ ಹಿಂದೆ ಎಕ್ಸ್‌ರೇ, ಅವನ ಹಿಂದೆ ಅರ್ಧ ಬಾಯಿಯ ಹಿರಿಯರು.

“ಏನ್ರೀ ನೀವು! ನಮಗೇ ಹೇಳದೆ ಮದುವೆ ಆಗಿ ಮಗು ಬೇರೆನಾ? ಹಿಂದೆ ಇಲ್ಲಿದ್ದ ಸಿಸ್ಟರಂತೆ. ನಿಮ್ಮ ಪಟ್ಟೀಲಿ ಬರೀ ಜೋಗುಳ ನೋಡಿದ್ರಂತೆ. ‘ಮಗು ಆಯ್ತಾ ಅವರಿಗೆ?’ ಅಂತ ಕೇಳಿದ್ರು. ಗೊತ್ತಿಲ್ಲ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ‘ಹೌದು, ಗುಂಡು ಗುಂಡಗಿದೆ’ ಅಂದೆ. ಲೈನಲ್ಲೇ ಇದ್ದಾರೆ, ಮಾತಾಡಿ!”

ಅವನು ಫೋನನ್ನು ಕಿವಿಗಿಟ್ಟುಕೊಂಡ.

“ಮದುವೆಗೂ ಕರೀಲಿಲ್ಲ ನೋಡಿ,” ಎಂದಿತು ಅದೇ ದನಿ. ನಗುತ್ತಿತ್ತು, ಆದರೆ ನಗು ಒಂದಿಷ್ಟು ಜಾಸ್ತಿಯಾಗಿತ್ತು. “ಇರ್ಲಿ, ತುಂಬಾ ಸಂತೋಷ. ನನಗೂ ಮನೇಲಿ ಯಾವುದೋ ಸಂಬಂಧ ನೋಡಿ ಕಾಯ್ತಾ ಇದ್ರು. ನಾನೇ ಏನೇನೋ ನೆಪ ಹೇಳಿ ಮುಂದಕ್ಕೆ ಹಾಕ್ತಿದ್ದೆ. ಆ ಜೋಗುಳ ನೋಡಿದ ಮೇಲೆ ಈಗ ತಾನೇ ಹೂಂ ಅಂದ್ಬಿಟ್ಟೆ.”

ಹೂಂರಾಯ ಬಾಯಿ ತೆರೆದ. ಹೇಳಬೇಕಾದ ‘ಇಲ್ಲ’ ಗಂಟಲವರೆಗೆ ಬಂತು. ಎದುರಿಗೆ ಕೌಂಟರಮ್ಮ ಎರಡೂ ಕೈ ಜೋಡಿಸಿ ಮರ್ಯಾದೆ ಉಳಿಸಿ ಎಂದು ಸನ್ನೆ ಮಾಡುತ್ತಿದ್ದರು. ಅತ್ತ ಕಡೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವನು ಏನಾದರೂ ಹೇಳಲಿ ಎಂದು ಕಾಯುವಷ್ಟು ಹೊತ್ತು.

ಆಮೇಲೆ ಅವಳೇ ಕೇಳಿದಳು: “ಮಗೂಗೆ ಏನು ಹೆಸರಿಟ್ರಿ?”

“ಇನ್ನೂ ಇಟ್ಟಿಲ್ಲ,” ಅಂದ ಹೂಂರಾಯ. ಇಷ್ಟು ದಿನ ನಾಲಿಗೆಗೆ ಬಾರದಿದ್ದ ಪದ ಈಗ ತಾನಾಗಿಯೇ ಬಂತು. “ಇನ್ನೂ ಇಟ್ಟಿಲ್ಲ, ಸಿಸ್ಟರ್.”