ಮೌನಪ್ಪ ಬೂದಿ ಒರೆಸಿದ್ದು

"ಈ ಚಿತ್ರದ ಅರ್ಥ ಹಿಡಿಯೋತನಕ ನಾ ಚಾ ಮುಟ್ಟಂಗಿಲ್ಲ!"

ಮೌನಪ್ಪ ಹೀಗೆ ಘೋಷಿಸಿದಾಗ ರಾಯಚೂರಿನ ಬಿಸಿಲು ಕೂಡ ಗಾಬರಿಯಿಂದ ಒಂದು ಗಳಿಗೆ ತಣ್ಣಗಾಯಿತು. ಚಿತ್ರ ಮಗಳು ಕಲ್ಯಾಣಿಯದು. ಮಾನ್ವಿಯ ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಆದ ಅವಳು ರಜೆಗಳನ್ನೆಲ್ಲ ಸುರಿದು ಬರೆದ ತೈಲಚಿತ್ರ. ಮರುದಿನವೇ ಅವಳ ಮೊಟ್ಟಮೊದಲ ಪ್ರದರ್ಶನಕ್ಕೆ ಹೋಗಬೇಕು. ಅದರಲ್ಲಿ ನದಿಯ ಮೇಲೊಂದು ಹಗ್ಗದ ಮಂಚ, ಹೊರಸು, ತೇಲುತ್ತಿತ್ತು. ಹೊರಸಿನ ಕಾಲುಗಳು ಬೇರು ಬಿಟ್ಟಿದ್ದವು. ಒಲೆಯೊಳಗೆ ಚಂದ್ರ ಬೇಯುತ್ತಿದ್ದ.

"ಲೇ ಅಮರಿ, ಚಂದ್ರನ್ನ ಯಾಕ ಬೇಸಾಕತ್ತಾಳ ಈಕಿ?"

"ಹಸಿವಾಗಿರಬೇಕ್ರಿ. ದೂರ ನಿಂತು ನೋಡ್ರಿ, ಬಣ್ಣ ಇನ್ನಾ ಹಸಿ ಅದ!" ಎಂದಳು ಹೆಂಡತಿ ಅಮರಮ್ಮ.

ದೂರ ನಿಂತು ನೋಡುವ ಪೈಕಿಯೇ ಅಲ್ಲ ಮೌನಪ್ಪ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲಿನ ಬೂದಿಯ ಜೊತೆಗೇ ಆಯುಷ್ಯ ಸವೆಸಿದವನು. ನಿವೃತ್ತನಾಗಿ ಆ ಊರು ಬಿಟ್ಟು ಬಂದರೂ ತೊಳೆದ ತಟ್ಟೆಯನ್ನು ಮತ್ತೆ ಒರೆಸಿಯೇ ಉಣ್ಣುತ್ತಿದ್ದ; ಮನೆಗೆ ಬಂದ ಬೀಗರ ಹೆಗಲನ್ನೂ ಒರೆಸಿಬಿಡುತ್ತಿದ್ದ! ಈಗ ಮೂಗು ಕ್ಯಾನ್ವಾಸಿಗೆ ತಾಗುವಷ್ಟು ಬಗ್ಗಿ ನೋಡಿದರೆ, ಮೇಲಿನ ಮೂಲೆಯಲ್ಲಿ ಬೂದುಬಣ್ಣದ ಒಂದು ಮಸುಕು.

"ಹಾಂ! ಇಲ್ಲಿಗೂ ಬಂದ್ಯಾ?"

ಟವೆಲ್ಲಿನಿಂದ ಒರೆಸಿದ. ಅದು ಹಬ್ಬಿತು. ಪಕ್ಕದಲ್ಲಿದ್ದ, ಬಣ್ಣ ಕರಗಿಸುವ ಟರ್ಪೆಂಟೈನ್ ಸುರಿದು ಉಜ್ಜಿದ. ಮಾಯ! ಕೋಟೆ ಗೆದ್ದವನ ಗತ್ತಿನಲ್ಲಿ ಮೀಸೆ ತಿರುವಿದ.

ಸಂಜೆ ಬಂದ ಕಲ್ಯಾಣಿ ಚಿತ್ರದೆದುರು ನಿಂತಲ್ಲೇ ನಿಂತಳು.

"ಯಪ್ಪಾ, ಇಲ್ಲಿ ಒಬ್ಬಾಂವ ಇದ್ನಲ್ಲ?"

"ಬೂದಿ ಇತ್ತವ್ವಾ. ಸ್ವಚ್ಛ ಮಾಡೀನಿ."

"ಅದು ನೀನಽ, ಯಪ್ಪಾ."

ಟವೆಲ್ ನೆಲಕ್ಕೆ ಜಾರಿತು. "ನಾನಾ? ಕೈ ಇಲ್ಲ, ಕಾಲಿಲ್ಲ, ಮಾರಿ ಇಲ್ಲ!"

"ಸಣ್ಣಾಕಿದ್ದಾಗ ನೀ ಹಂಗಽ ಇದ್ದಿ. ನಾ ಏಳೂದ್ರಾಗ ಡ್ಯೂಟಿಗೆ ಹೋಗಿರ್ತಿದ್ದಿ, ಮಕ್ಕೊಂಡ ಮ್ಯಾಲ ಬರ್ತಿದ್ದಿ. ಮನಿಯಾಗ ನಿನ್ನ ಬೂದಿ ವಾಸನಿ ಅಷ್ಟಽ ಇರ್ತಿತ್ತು."

ಮಾತಿನಲ್ಲಿ ಕೃಷ್ಣೆಯನ್ನೇ ಹಿಂದಕ್ಕೆ ಹರಿಸುತ್ತಿದ್ದ ಮೌನಪ್ಪ ಟವೆಲ್ ಎತ್ತಿ ಮಡಚಿಟ್ಟು, ಕುರ್ಚಿ ಎಳೆದುಕೊಂಡು ಕೂತ. ಇಷ್ಟೇ ಕೇಳಿದ: "ಮತ್ತ ಬರೀಬಹುದೇನವ್ವಾ? ನಾ ಅಳ್ಳಾಡದಂಗ ಕುಂದರ್ತೀನಿ."

ಕಲ್ಯಾಣಿ ಕಣ್ಣೊರೆಸಿಕೊಂಡು ಕುಂಚ ಹಿಡಿದಳು. ಅಪ್ಪನ ಮುಖವನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಅದೇ ಮೊದಲು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮರಮ್ಮ ಮೆಲ್ಲಗೆ ಹೇಳಿದಳು: "ಅಷ್ಟು ತ್ರಾಸು ಯಾಕ ತಗೋತಿ ಯವ್ವಾ? ಈಗ ರಿಟೈರ್ ಆಗ್ಯಾರ, ಹಗಲೆಲ್ಲಾ ಕುರ್ಚಿ ಬಿಟ್ಟು ಏಳಂಗಿಲ್ಲ. ಒಂದು ಕುರ್ಚಿ ಬರದು ಬಿಡು, ನೋಡಿದವರು ಗುರುತು ಹಿಡೀತಾರ!"