ಏಕಾಂತಯ್ಯನ ರಗ್ಬಿ

ಏಕಾಂತಯ್ಯನ ಬೆನ್ನು ಅಮ್ಮನ ಕಣ್ಣಿಗೆ ಬಿದ್ದದ್ದೇ ತಪ್ಪಾಯಿತು. ಶನಿವಾರ ಬೆಳಿಗ್ಗೆ ಬಚ್ಚಲಿಗೆ ಬಿಸಿನೀರು ತಂದ ಗಿರಿಜಾದೇವಿ ಚೊಂಬನ್ನೇ ಕೈಬಿಟ್ಟರು. ಮಗನ ಬೆನ್ನ ಮೇಲೆ ನೇರಳೆಹಣ್ಣು ಜಜ್ಜಿದಂತೆ ಐದಾರು ಕಲೆ.

“ಯಾರೋ ಹೊಡೆದಿದ್ದು?”

“ಯಾರೂ ಇಲ್ಲಮ್ಮ, ಆಟ. ರಗ್ಬಿ ಅಂತ. ಚೆಂಡು ಹಿಡ್ಕೊಂಡು ಓಡೋದು. ಓಡೋನ ಮೇಲೆ ಉಳಿದೋರು ಬೀಳ್ತಾರೆ.”

“ಅಷ್ಟೇ ತಾನೆ? ಚೆಂಡು ಅವ್ರಿಗೇ ಕೊಟ್ಟುಬಿಡಪ್ಪ!”

ಏಕಾಂತಯ್ಯ ಕಾರ್ಖಾನೆಯಲ್ಲಿ ಗುಮಾಸ್ತ. ಹೊರಟ ಬಸ್ಸಿನ ಹಿಂದೆ ಅವನು ಓಡುವುದನ್ನು ಇಂಜಿನಿಯರ್ ಹ್ಯಾರಿಸ್ ಸಾಹೇಬರು ಒಮ್ಮೆ ನೋಡಿ, ಮರುದಿನವೇ ತಮ್ಮ ತಂಡಕ್ಕೆ ಎಳೆದುಕೊಂಡಿದ್ದರು. ಮದರಾಸಿನ ಪಂದ್ಯಕ್ಕೆ ಹದಿನೈದು ಜನರನ್ನು ಆರಿಸುವುದು ಮಿಲಿಟರಿ ತಂಡದೊಂದಿಗಿನ ಇವತ್ತಿನ ಆಟ ನೋಡಿಯೇ. ‘ಈ ಹುಡುಗ ಬಹಳ ಮುಂದೆ ಬರುತ್ತಾನೆ’ ಎಂದು ಸಾಹೇಬರು ಹೇಳಿದ್ದನ್ನು ಏಕಾಂತಯ್ಯ ಯಾರಿಗೂ ಹೇಳಿರಲಿಲ್ಲ. ತನಗೆ ತಾನೇ ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದ.

ಗಿರಿಜಾದೇವಿ ಬೆನ್ನಿಗೆ ಹರಳೆಣ್ಣೆ ಸವರಿ, ಹಣೆಗೆ ವಿಭೂತಿ ಹಚ್ಚಿ ಕಳಿಸಿದರು. ಅವನು ಹನುಮಂತನಗರದ ಇಳಿಜಾರು ಇಳಿಯುತ್ತಲೇ ಪಕ್ಕದ ಮನೆಗೆ ಓಡಿದರು. ಅಲ್ಲಿದ್ದವರು ಮದುವೆ ಮನೆಗಳ ಅಡುಗೆಯ ಸೇತುರಾಮಯ್ಯ. ಮುನ್ನೂರು ಜನರ ಹುಳಿಯ ಕೊಳದಪ್ಪಲೆಯನ್ನು ಒಬ್ಬರೇ ಒಲೆಯಿಂದ ಇಳಿಸುವವರು, ಆದರೆ ಇರುವೆ ಕಂಡರೂ ಸುತ್ತಿಕೊಂಡು ಹೋಗುವ ಸಾಧು.

“ಮಗೂನ ಎಲ್ಲಾ ಸೇರಿ ತುಳೀತಾರಂತೆ. ಅದಕ್ಕೆ ಆಟ ಅಂತ ಬೇರೆ ಹೆಸರು!”

“ಅಳಬೇಡಿ ಗಿರಿಜಮ್ನೋರೆ, ಬಾಯಲ್ಲಿ ಹೇಳಿದ್ರೆ ಕೇಳ್ತಾರೆ, ಬನ್ನಿ.”

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಬಯಲೇ ಹೆಚ್ಚು. ಇಬ್ಬರೂ ಮೈದಾನದ ತುದಿಗೆ ಬರುವುದಕ್ಕೂ, ಏಕಾಂತಯ್ಯ ಚೆಂಡು ಅವುಚಿಕೊಂಡು ಮೂವರು ಸಿಪಾಯಿಗಳನ್ನು ತಪ್ಪಿಸಿ ಅವರತ್ತಲೇ ನುಗ್ಗುವುದಕ್ಕೂ ಸರಿಹೋಯಿತು. ಚೆಂಡು ದಾಟಿಸಬೇಕಾದ ಗೆರೆಗೆ ಇನ್ನು ಹತ್ತೇ ಹೆಜ್ಜೆ. ನಾಲ್ಕನೆಯವನು ಕಾಲು ಹಿಡಿದ. ಎದುರು ತಂಡವೆಲ್ಲ ಮೇಲೆ ಬಿತ್ತು. ಹುಡುಗನದು ಒಂದು ಬೂಟು ಮಾತ್ರ ಹೊರಗೆ ಕಾಣುತ್ತಿತ್ತು.

“ಅಯ್ಯೋ ನನ್ನ ಕಂದಾ!”

ಸೇತುರಾಮಯ್ಯ ಪಂಚೆ ಎತ್ತಿ ಕಟ್ಟಿ ಒಳಗೆ ನಡೆದರು. “ಸ್ವಾಮೀ, ಸ್ವಲ್ಪ ಏಳ್ತೀರಾ?” ಎಂದು ಎರಡು ಸಲ ಕೇಳಿದರು. ಯಾರೂ ಏಳಲಿಲ್ಲ. ತಟ್ಟೆಯಿಂದ ಇಡ್ಲಿ ಎಬ್ಬಿಸಿದಂತೆ ಒಬ್ಬೊಬ್ಬರನ್ನೇ ಎತ್ತಿ ಪಕ್ಕಕ್ಕಿಟ್ಟರು. ದಢೂತಿ ಹವಾಲ್ದಾರನೊಬ್ಬ ಅವರ ಸೊಂಟಕ್ಕೆ ಜೋತುಬಿದ್ದ. ಅದು ಅವರ ಗಮನಕ್ಕೇ ಬರಲಿಲ್ಲ. ತಳದಲ್ಲಿದ್ದ ಏಕಾಂತಯ್ಯನನ್ನು ಚೆಂಡಿನ ಸಮೇತ ಕಂಕುಳಿಗೆ ಸೇರಿಸಿ, ಹವಾಲ್ದಾರನನ್ನೂ ಎಳೆದುಕೊಂಡು ಗೆರೆ ದಾಟಿ, ಗಿರಿಜಾದೇವಿಯ ಮುಂದೆ ಇಳಿಸಿದರು.

“ತಗೊಳ್ಳಿ ಗಿರಿಜಮ್ನೋರೆ, ಮುಕ್ಕಾಗಿಲ್ಲ.”

ಹ್ಯಾರಿಸ್ ಸಾಹೇಬರು ಕೆಂಪಗಾಗಿ ಓಡಿಬಂದರು. ಮದರಾಸು ಕೈತಪ್ಪಿತೆಂದು ಏಕಾಂತಯ್ಯನಿಗೆ ಅಲ್ಲೇ ಖಾತ್ರಿಯಾಯಿತು. ಸಾಹೇಬರು ಇಂಗ್ಲಿಷಿನಲ್ಲಿ ಒಂದೇ ಸಮನೆ ಮಾತಾಡಿದರು.

“ಬೈತಿದಾರೇನೋ ಮಗೂ? ತಪ್ಪಾಯ್ತು ಅಂತ ಹೇಳು,” ಎಂದರು ಸೇತುರಾಮಯ್ಯ.

ಏಕಾಂತಯ್ಯ ಚೆಂಡನ್ನು ಕೆಳಗಿಟ್ಟ. ಬೈಯುತ್ತಿದ್ದಾರೆ ಎಂದು ಸುಳ್ಳು ಹೇಳಿಬಿಟ್ಟರೆ ಸಾಹೇಬರ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಹಿರಿಯರಿಬ್ಬರಿಗೂ ಇಂಗ್ಲಿಷ್ ಬಾರದು. ಆದರೆ ಆಷಾಢ ಬಂದರೆ ಮದುವೆಗಳಿಲ್ಲ, ಸೇತುರಾಮಯ್ಯನವರ ಒಲೆಯೂ ಸರಿಯಾಗಿ ಉರಿಯುವುದಿಲ್ಲ ಎಂಬುದು ಗೋಡೆಯಾಚೆಯ ಹುಡುಗನಿಗೆ ಗೊತ್ತಿತ್ತು.

“ಇಲ್ಲ ಮಾವ. ಕಾರ್ಖಾನೆ ಕ್ಯಾಂಟೀನಲ್ಲಿ ಕಾಯಂ ಕೆಲಸ ಕೊಡ್ತಾರಂತೆ. ಆದ್ರೆ ತಂಡದಲ್ಲಿ ಆಡ್ಬೇಕಂತೆ.”

“ಆಡೋಕೆ ಜನ ಆಗ್ಲೇ ಇದ್ದೀರಲ್ಲೋ?”

ಏಕಾಂತಯ್ಯ ಅದನ್ನೂ ಸಾಹೇಬರಿಗೆ ಕೇಳಿದ. ಅವರು ಅವನ ಬೆನ್ನನ್ನು ಅಕ್ಕರೆಯಿಂದ ತಟ್ಟಿ ಉತ್ತರ ಹೇಳಿದರು.

“ಒಬ್ರು ಹೊರಗೆ ಕೂರ್ಬೇಕಂತೆ, ಮಾವ. ಓಡೋನು. ನೀವಿದ್ರೆ ಯಾರೂ ಓಡೋ ಹಾಗೇ ಇಲ್ವಂತೆ.”

“ಛೆ ಛೆ, ನಿನ್ನ ಜಾಗಕ್ಕೆ ನಾನು ಬರಲ್ಲ.”

“ಬನ್ನಿ ಮಾವ,” ಎಂದ ಏಕಾಂತಯ್ಯ, ಮುಖ ಬೇರೆ ಕಡೆ ತಿರುಗಿಸಿ. ಗಿರಿಜಾದೇವಿ ಮನಸಾರೆ ಸಾಹೇಬರಿಗೆ ಕೈಮುಗಿದರು.

ಮುಂದಿನ ಶನಿವಾರ ತಾಯಿ ಮಗ ಮೈದಾನದಂಚಿನಲ್ಲಿ ಜಮಖಾನ ಹಾಸಿ ಕೂತಿದ್ದರು. ಸೇತುರಾಮಯ್ಯ ನಾಲ್ವರನ್ನು ಮೈಗೆ ಜೋತುಬಿಟ್ಟುಕೊಂಡು, “ದಾರಿ ಬಿಡಿ ಸ್ವಾಮೀ” ಎನ್ನುತ್ತ ಗೆರೆಯ ಕಡೆ ಹೋಗುತ್ತಿದ್ದರು. ಗಿರಿಜಾದೇವಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಮಗನ ಮಾಸದ ಅಂಗಿಯತ್ತ ಕಣ್ಣು ಹಾಯಿಸಿದರು.

“ನೋಡೋ, ಈ ವಯಸ್ಸಲ್ಲೂ ಹೇಗೆ ಆಡ್ತಾರೆ! ನೀನೂ ಇದ್ದೀಯ, ಮೈಗೆ ಮಣ್ಣು ತಾಗದ ಹಾಗೆ ಕೂತ್ಕೊಂಡು.”